ಆಕಳಿಗೆ ಹಾಕಿದ ಪಂಚಮಿ ರೊಟ್ಟಿ

“ಮನ್ಯಾಗ ಯಾರಿಗರೆ ಆರಾಮಿಲ್ಲೇನ್ರಿ?”

ಶಿರಹಟ್ಟಿಯ ಸಂತೆಯಲ್ಲಿ ನನ್ನನ್ನು ಮೊದಲು ಮಾತನಾಡಿಸಿದ ಕಾಳಿನ ವ್ಯಾಪಾರಿ ಕೇಳಿದ್ದು ಹೀಗೆ. ನಾನು ಕೇಳಿದ್ದು ನಾಲ್ಕು ಕಿಲೋ ಅಕ್ಕಿ, ಅಷ್ಟೇ. ಬಿಳಿಜೋಳದ ರಾಶಿಯ ಹಿಂದೆ ಕೂತ ಅವನ ಲೆಕ್ಕದಲ್ಲಿ ಅಕ್ಕಿ ಎಂದರೆ ಕಾಯಿಲೆಯವರ ಗಂಜಿಗೆ, ಇಲ್ಲವೇ ಹಬ್ಬಕ್ಕೆ. ನಾವು ದಿನಾ ಎರಡು ಹೊತ್ತೂ ಅದನ್ನೇ ಉಣ್ಣುತ್ತೇವೆ ಎಂದಾಗ ಅವನು ನನ್ನನ್ನು ಕನಿಕರದಿಂದ ನೋಡಿದ.

ಮೈಸೂರಿನಲ್ಲಿ ಕೂತು ಓದುವ ನಿಮಗೆ ನಗು ಬರಬಹುದು. ನನಗೆ ಆಗ ಸಿಟ್ಟೇ ಬಂದಿತ್ತು. ಎಪ್ಪತ್ತೊಂಬತ್ತರಲ್ಲಿ ಶಾಲೆಯ ಕೆಲಸ ಸಿಕ್ಕಿ ಒಬ್ಬಳೇ ಬಂದವಳು ನಾನು. ಪೂಜೆ, ಪಾಠ, ಕಚೇರಿ ಎಂದು ಬದುಕಿದ ಮನೆತನ ನಮ್ಮದು. ಅನ್ನ ಬಿಟ್ಟರೆ ಊಟವಿಲ್ಲ ಎಂದೇ ತಿಳಿದಿದ್ದೆವು. ನಮ್ಮಲ್ಲಿ ಸೊಪ್ಪು ಬೇಯಬೇಕು. ಇಲ್ಲಿ ಹಕ್ಕರಕಿ ಎಂಬ ಸೊಪ್ಪನ್ನು ತೊಳೆದು ಹಸಿಯಾಗಿಯೇ ರೊಟ್ಟಿಯ ಜೊತೆ ಕಚ್ಚುತ್ತಾರೆ. ದನದ ಮೇವೆಂದು ಮುಖ ತಿರುಗಿಸಿದ್ದ ನಾನು ಒಂದೇ ವರ್ಷದಲ್ಲಿ ಅದಕ್ಕಾಗಿ ಸಂತೆಯ ದಿನ ಕಾಯತೊಡಗಿದೆ.

ನಾನಿದ್ದದ್ದು ನೀಲವ್ವನ ಮನೆಯ ಮುಂದಿನ ಬಾಡಿಗೆ ಖೋಲಿಯಲ್ಲಿ. ಒಕ್ಕಲುತನದ ಮನೆ; ಅಂಗಳದಲ್ಲಿ ಆಕಳು. ಶ್ರಾವಣದಲ್ಲಿ ನಾಗರಪಂಚಮಿಯ ಮುನ್ನಾದಿನ ಇಲ್ಲಿ ರೊಟ್ಟಿ ಪಂಚಮಿ. ಅಂದು ಹೆಂಗಸರು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಕಾಳುಪಲ್ಯ, ಗುರೆಳ್ಳು ಪುಡಿ ಎಲ್ಲವನ್ನೂ ತಾಟಿನಲ್ಲಿ ಇಟ್ಟುಕೊಂಡು ಮನೆಮನೆಗೆ ಕೊಡುತ್ತಾರೆ. ಇದಕ್ಕೆ ರೊಟ್ಟಿ ಬೀರುವುದು ಎನ್ನುತ್ತಾರೆ. ಯಾರ ಮನೆಯಿಂದ ತಾಟು ಬಂತೋ ಅವರು ನಮ್ಮವರು.

ಎರಡನೆಯ ವರ್ಷ ಅದೇ ದಿನ ಅಣ್ಣ ಮೈಸೂರಿನಿಂದ ಬಂದಿದ್ದ. ನೀಲವ್ವ ತಾಟು ಕೊಟ್ಟು ಹೋದಳು. ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ಅಣ್ಣ ಆ ರೊಟ್ಟಿಗಳನ್ನೆಲ್ಲ ಅಂಗಳದ ಆಕಳಿಗೆ ತಿನ್ನಿಸುತ್ತಿದ್ದ.

“ಏನು ಮಾಡ್ತಿದ್ದೀಯಾ?” ಎಂದೆ.

“ಗೋಗ್ರಾಸ. ಪುಣ್ಯದ ಕೆಲಸ. ಇದನ್ನ ಮನುಷ್ಯರು ತಿಂತಾರೇನೇ?”

ಪುಣ್ಯವಂತೆ. ತನ್ನ ಎಲೆಯ ಅನ್ನವನ್ನು ಅವನು ಎಂದಾದರೂ ಹಸುವಿಗೆ ಹಾಕಿದ್ದನ್ನು ನಾನು ಕಂಡಿಲ್ಲ. ಆದರೆ ನಾನು ಮಾಡಿದ್ದು ಇನ್ನೂ ಕೀಳು. ತಾಟು ತೊಳೆದು ಮರಳಿಸಲು ಹೋಗಿ, ರೊಟ್ಟಿ ಬಹಳ ರುಚಿಯಾಗಿತ್ತು ಎಂದು ಸುಳ್ಳು ಹೇಳಿದೆ.

ನೀಲವ್ವ ತಾಟನ್ನು ಗೋಡೆಗೆ ಆನಿಸಿಟ್ಟಳು. “ಹೌದ್ರಿ ಅಕ್ಕೋರ. ನಮ್ಮ ಆಕಳಿಗೂ ಭಾಳ ಸೇರಿದ್ವು.”

ಮುಂದಿನ ಶ್ರಾವಣದಲ್ಲಿ ಓಣಿಯ ತುಂಬ ರೊಟ್ಟಿ ಬಡಿಯುವ ಸಪ್ಪಳ. ತಾಟುಗಳು ನನ್ನ ಬಾಗಿಲ ಮುಂದೆಯೇ ಹಾದುಹೋದವು; ಒಂದೂ ಒಳಗೆ ಬರಲಿಲ್ಲ. ಮೂರು ವರ್ಷ ಇವರ ಮಕ್ಕಳಿಗೆ ಅಕ್ಷರ ಕಲಿಸಿದ್ದೇನೆ, ಇಷ್ಟೇನಾ ಎಂದು ಮೊದಲು ಉರಿದುಕೊಂಡೆ. ಆಮೇಲೆ ನಾಚಿಕೆಯಾಯಿತು. ಹಿಟ್ಟು ತಂದು, ಸ್ಟೋವ್ ಹೊತ್ತಿಸಿ, ಕೈ ಸುಟ್ಟುಕೊಂಡು ಸಂಜೆಯ ಹೊತ್ತಿಗೆ ಐದು ರೊಟ್ಟಿ ಮಾಡಿದೆ. ಅಂಚು ಒಡೆದಿದ್ದವು, ನಡುವೆ ದಪ್ಪ. ಅವನ್ನೇ ತಾಟಿನಲ್ಲಿಟ್ಟು ನೀಲವ್ವನ ಬಾಗಿಲಿಗೆ ಹೋಗಿ ನಿಂತೆ.

“ಹೋದ ವರ್ಷ ನಾ ಸುಳ್ಳು ಹೇಳಿದೆ, ನೀಲವ್ವ. ತಪ್ಪಾತು.”

ಆಕೆ ಒಂದು ರೊಟ್ಟಿ ಮುರಿದು ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು.

“ನಡುವ ಹಸಿ ಐತ್ರಿ. ಹಿಟ್ಟಿಗೆ ಹಾಕೋ ಎಸರು ಇನ್ನಷ್ಟು ಕುದಿಬೇಕಿತ್ತು.” ಉಳಿದರ್ಧ ನನ್ನ ಕೈಗಿಟ್ಟಳು. “ಕುಂಡ್ರಿ. ನೀವೂ ತಿನ್ರಿ. ಈ ಸಲ ಆಕಳಿಗೆ ಬ್ಯಾಡ.”

ಅಲ್ಲೇ ಕೂತು ಪೂರ್ತಿ ತಿಂದೆ. ಹೊರಡುವಾಗ ನನ್ನ ತಾಟಿನಲ್ಲಿ ಆಕೆಯ ರೊಟ್ಟಿಗಳಿದ್ದವು.

ಈಗ ಅಣ್ಣ ಕಾಗದ ಬರೆದಿದ್ದಾನೆ: ಆ ಒಣಭೂಮಿಯಲ್ಲಿ ಏನು ತಿಂದು ಬದುಕುತ್ತೀ, ದಸರೆಗೆ ಬಾ, ಹೊಟ್ಟೆ ತುಂಬ ಊಟ ಮಾಡು ಎಂದು. ಅತ್ತಿಗೆಯ ಸಾರನ್ನವನ್ನು ನೆನೆದರೆ ಇವತ್ತಿಗೂ ಬಾಯಲ್ಲಿ ನೀರೂರುತ್ತದೆ, ಸುಳ್ಳೇಕೆ ಹೇಳಲಿ. ಬರುತ್ತೇನೆ. ನೀಲವ್ವ ಗರಿಗರಿಯಾಗಿ ಒಣಗಿಸಿದ ಖಟಕ್ ರೊಟ್ಟಿ ಎರಡು ತಿಂಗಳಾದರೂ ಕೆಡುವುದಿಲ್ಲ, ಕಟ್ಟಿಕೊಂಡು ತರುತ್ತೇನೆ. ಅಣ್ಣ ನನ್ನೆದುರು ಕೂತು ಅದನ್ನು ತಿನ್ನಬೇಕು. ಅವನು ಒಲ್ಲೆನೆಂದರೆ ಆ ಮನೆಯಲ್ಲಿ ನನಗೂ ಎಲೆ ಹಾಕುವುದು ಬೇಡ.