ತುರುಬಿಗೆ ಜಾಗವಿಲ್ಲದ ಟೋಪಿ

ಶಹಾಬಾದದ ನಮ್ಮ ಮನೆಯ ಅಂಗಳಕ್ಕೆ ಹಾಸಿದ ಫರಸಿಕಲ್ಲಿನ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡೆ. ಪ್ಲಾಸ್ಟರ್ ಬಿಚ್ಚುವ ತನಕ ಕಾಲು ನೆಲಕ್ಕೆ ಊರಬಾರದೆಂದು ಡಾಕ್ಟರು ಹೇಳಿದರು. ಕಿಟಕಿಯ ಪಕ್ಕದ ಮಂಚವೇ ನನ್ನ ಊರಾಯಿತು. ನಸುಕಿನಲ್ಲಿ ಎದ್ದು, ಕಸ ಗುಡಿಸಿ, ಸ್ನಾನ, ಲಿಂಗಪೂಜೆ ಮುಗಿಸಿಯೇ ಚಹಾ ಮುಟ್ಟುವವಳು ನಾನು. ಹುಡುಗಿಯರ ಹಾಸ್ಟೆಲ್ಲಿನಲ್ಲಿ ಗಂಟೆಗೆ ಸರಿಯಾಗಿ ಬೆಳೆದೆ, ಮುಂದೆ ಅಂಥದೇ ಹಾಸ್ಟೆಲ್ಲಿನಲ್ಲಿ ವಾರ್ಡನ್ ಆಗಿ ಗಂಟೆ ಹೊಡೆಸುವವಳಾದೆ. ಈಗ ಮುಖ ತೊಳೆಯಲಿಕ್ಕೂ ಇನ್ನೊಬ್ಬರ ದಾರಿ ಕಾಯಬೇಕು.

ಮಗನ ನೌಕರಿ ಚಿಂಚೋಳಿಯಲ್ಲಿ, ರವಿವಾರ ಬರುತ್ತಾನೆ. ಸೊಸೆ ನಸುಕಿನ ರೈಲಿಗೆ ವಾಡಿಗೆ ಕೆಲಸಕ್ಕೆ ಹೋಗುತ್ತಾಳೆ. ಒಳಗಿನಿಂದ ಅಗಳಿ ಹಾಕಲು ನಾನು ಏಳಬೇಕು, ಏಳಬಾರದು. ಅದಕ್ಕೆ ಅವಳು ಹೊರಗಿನಿಂದ ಕೀಲಿ ಹಾಕಿ, ಚಾವಿಯನ್ನು ಪಕ್ಕದ ಮನೆಯಾಕೆಗೆ ಕೊಟ್ಟು ಹೋಗುತ್ತಿದ್ದಳು. ಆಕೆ ತನ್ನ ಕೆಲಸ ಮುಗಿದಾಗ ಬಂದು, ನನ್ನದೆಲ್ಲ ಮಾಡಿ, ಮತ್ತೆ ಕೀಲಿ ಹಾಕುವಳು. ಒಳ್ಳೆಯ ಹೆಂಗಸು. ಆದರೂ ಕೀಲಿ ಬೀಳುವ ಸಪ್ಪಳ ನನಗೆ ಸೇರುತ್ತಿರಲಿಲ್ಲ. ಚಾವಿ ನನಗೆ ಕೊಡು ಎಂದರೆ ಸೊಸೆ ಮಾತು ಹಾರಿಸುತ್ತಿದ್ದಳು.

ಕೈ ಸುಮ್ಮನಿರಬಾರದೆಂದು ಉಳಿದ ಉಲ್ಲನ್ ದಾರದ ಚೀಲ ತೆಗೆಸಿದೆ. ಬಳಗದಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅದರ ತಲೆಗೆ ನಾನು ಹೆಣೆದ ಕುಲಾವಿಯೇ ಇರಬೇಕು. ಸೇಡಂ ಕೂಸಿನ ಹಳದಿ, ಚಿತ್ತಾಪುರದ ಕೂಸಿನ ಹಸಿರು ಚೂರುಪಾರು ಉಳಿದಿತ್ತು. ಸೊಸೆ ಚಳಿಯಲ್ಲಿ ಸೆರಗಿನಿಂದ ಕಿವಿ ಮುಚ್ಚಿಕೊಂಡು ಸ್ಟೇಷನ್ನಿಗೆ ಹೋಗುವುದನ್ನು ದಿನಾ ನೋಡುತ್ತಿದ್ದೆ. ಅವಳಿಗೇ ಟೋಪಿ ಹೆಣೆದೆ. ನೆತ್ತಿಯ ಹತ್ತಿರ ಕುಣಿಕೆ ಕಡಿಮೆ ಮಾಡುತ್ತ ಬಂದು ಮುಚ್ಚಿದೆ.

ಹಾಕಿಕೊಂಡಳು. ಟೋಪಿ ತುರುಬಿನ ಮೇಲೆ ಕಾಗೆಯಂತೆ ಕೂತಿತು.

“ಅತ್ತೀ, ತುರುಬು ಎಲ್ಲಿ ಇಡ್ಲಿರಿ? ಟಿಫಿನ್ ಡಬ್ಬ್ಯಾಗ?”

“ಬೋಳು ತಲಿಗಿ ಹೆಣದೇ ರೂಢಿ ಆಗ್ಯದ. ಕುಂದುರು, ಅಳತಿ ತಗೋತೀನಿ.”

ಮಂಚದ ಪಕ್ಕ ನೆಲದ ಮೇಲೆ ನನಗೆ ಬೆನ್ನು ಮಾಡಿ ಕೂತಳು. ಟೋಪಿಯ ನೆತ್ತಿಯ ಹೆಣಿಗೆ ಬಿಚ್ಚಿದೆ. ಸದಾ ಓಡುತ್ತಲೇ ಇರುವವಳು ಇಂದು ಕೈಗೆ ಸಿಕ್ಕಿದ್ದಳು. ಕೇಳಿದೆ: “ಚಾವಿ ನನ್ನ ಕೈಯಾಗ ಯಾಕ ಕೊಡವಲ್ಲಿ?”

“ಕೊಟ್ರ ಯಾರನರ ಕರದು ಬಾಗಲಾ ತಗಸಿ ಅಡ್ಡಾಡ್ತೀರಿ. ಮತ್ತ ಬಿದ್ರ ನಿಮ್ಮ ಮಗ ನನಗ ಬೈತಾರ.”

“ಏಳಂಗಿಲ್ಲ.”

“ಹೋದ ವಾರ ಗ್ವಾಡಿ ಹಿಡದು ಬಚ್ಚಲತನಕ ಹೋದವರು ಯಾರ್ರಿ?”

“ನಾನೇ. ಇನ್ನ ಹೋಗಂಗಿಲ್ಲ. ಆದ್ರ ಮನಿಯಾಗ ಯಾರು ಯಾವಾಗ ಬರಬೇಕು ಅಂತ ನಾನು ಹೇಳ್ಬೇಕು. ಕೈದಿ ಅಲ್ಲ ನಾನು.”

ದಾರವನ್ನು ಅವಳ ತುರುಬಿನ ಸುತ್ತ ಎಳೆದು ಅಳತೆ ನೋಡಿದೆ. “ಮೆಲ್ಲಕ ಎಳೀರಿ, ಕೂದಲಾ ಸಿಕ್ಕಾವ,” ಎಂದಳು.

ಮರುದಿನ ನಸುಕಿನಲ್ಲಿ ತುರುಬು ಹಿಂದಿನಿಂದ ಹೊರಗಿಟ್ಟು ಟೋಪಿ ಹಾಕಿಕೊಂಡು ಹೊರಟಳು. ಬಾಗಿಲಿಗೆ ಕೀಲಿ ಬಿತ್ತು. ಹೆಜ್ಜೆ ಪಕ್ಕದ ಮನೆಗೆ ಹೋಗಲಿಲ್ಲ, ಕಿಟಕಿಗೆ ಬಂತು. ಸರಳಿನ ನಡುವೆ ಚಾವಿ ಚಾಚಿದಳು.

“ಭಾಳ ಭಾರ ಅದ ಇದು. ಎದ್ರ ನೋಡ್ರಿ ಮತ್ತ!”

ಬೆಳಕಾದ ಮೇಲೆ ನಾನೇ ಪಕ್ಕದ ಮನೆಯಾಕೆಯನ್ನು ಕೂಗಿ ಚಾವಿ ಕೊಟ್ಟೆ. ಆಕೆ ಪಾತ್ರೆ ತೊಳೆಯುವ ತನಕ ಬಾಗಿಲು ತೆರೆದೇ ಇರಲಿ ಎಂದೆ. ಮಂಚದಿಂದಲೇ ಓಣಿ ನೋಡಿದೆ. ಕಾಲು ಕೆಳಗಿಡಬೇಕೆಂದು ಜೀವ ಒದ್ದಾಡಿತು, ಇಡಲಿಲ್ಲ. ಕೆಲಸ ಮುಗಿಸಿ ಆಕೆ ಹೊರಗೆ ಹೋಗಿ ಕೀಲಿ ಹಾಕಿದಳು. ಸಪ್ಪಳ ಅದೇ. ಕಿಟಕಿಯಿಂದ ಕೈ ಚಾಚಿ ಚಾವಿ ಇಸಿದುಕೊಂಡೆ.