ಕಾಕಾನ ಅಳತೆಯ ಕಟ್ಟೆ

ಮೊನ್ನೆ ನಮ್ಮ ಅಡುಗೆಮನೆಯ ಹಳೆಯ ಕಡಪಾ ಕಲ್ಲು ಬಿರುಕು ಬಿಟ್ಟಿತೆಂದು ಬೆಳಗಾವಿಯ ಹೊರಗಿನ ಗ್ರ್ಯಾನೈಟ್ ಅಂಗಡಿಯೊಂದಕ್ಕೆ ಹೋಗಿದ್ದೆ. ಬಣ್ಣ ಎದ್ದು ಕಾಣಲೆಂದು ಅಂಗಡಿಯವ ಚಪ್ಪಡಿಯ ಮೇಲೆ ನೀರು ಚೆಲ್ಲಿದ. ಬಿಸಿಲಿಗೆ ಕಾದ ಕಲ್ಲಿನಿಂದ ಹಸಿ ವಾಸನೆ ಎದ್ದು ಬಂತು ನೋಡಿ, ನಾನು ಬಣ್ಣ ನೋಡುವುದನ್ನು ಬಿಟ್ಟು ಎಂಬತ್ತರ ದಶಕಕ್ಕೆ ಹೋಗಿ ನಿಂತುಬಿಟ್ಟೆ.

ಆಗ ನಾನು ಬ್ಯಾಂಕೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿ ಕಾಕಾನ ಮನೆಯಲ್ಲಿದ್ದೆ. ಕಾಕಾ ಅಂದರೆ ನಮ್ಮಪ್ಪನ ತಮ್ಮ, ವಕೀಲ. ಆಳು ಎತ್ತರ, ಧ್ವನಿ ಅದಕ್ಕೂ ಎತ್ತರ. ಅವನ ಹೆಂಡತಿ ಕಾಕು ಅವನ ಹೆಗಲಿಗೂ ಬರುತ್ತಿರಲಿಲ್ಲ, ಮಾತೂ ಕಡಿಮೆ. ಶಿವಬಸವ ನಗರದಲ್ಲಿ ಹೊಸ ಮನೆ ಏಳುತ್ತಿತ್ತು. ಊರಿಗೆ ಗ್ಯಾಸಿನ ಒಲೆ ಬಂದು, ಅಲ್ಲಿಯವರೆಗೆ ಕುಳಿತು ಅಡುಗೆ ಮಾಡುತ್ತಿದ್ದ ಹೆಂಗಸರೆಲ್ಲ ಎದ್ದು ನಿಲ್ಲತೊಡಗಿದ್ದ ಕಾಲ ಅದು. ನಿಂತವರಿಗೊಂದು ಕಟ್ಟೆ ಬೇಕಲ್ಲ? ಉಳಿದವರು ಕಡಪಾವನ್ನೋ ಶಹಾಬಾದ್ ಕಲ್ಲನ್ನೋ ಹಾಕಿಸಿಕೊಂಡು ಸುಮ್ಮನಾದರು. ಕಾಕಾನಿಗೆ ಗ್ರ್ಯಾನೈಟೇ ಆಗಬೇಕು. ಯಾಕೆಂದರೆ ಎದುರು ಮನೆಯ ವಕೀಲನ ಹತ್ತಿರ ಅದು ಇರಲಿಲ್ಲ.

ಕಾಕುವಿನ ತವರು ಖಾನಾಪುರ. ಅಲ್ಲಿ ಅವಳ ಅಣ್ಣನಿಗೆ ಹಂಚು ಮತ್ತು ಕಲ್ಲಿನ ವ್ಯಾಪಾರ. ಇಳಕಲ್ಲಿನ ಕಡೆಯಿಂದ ಚಪ್ಪಡಿ ಬಂದಿವೆ ಎಂದು ಅವನು ಹೇಳಿ ಕಳಿಸಿದ್ದೇ ತಡ, ಒಂದು ರವಿವಾರ ಬಸ್ಸು ಹತ್ತಿದೆವು. ಕಾಕಾ, ಕಾಕು, ನಾನು, ಜೊತೆಗೆ ಕಾಕಾನ ಇಬ್ಬರು ವಕೀಲ ಮಿತ್ರರು. ನಮ್ಮ ಗಂಡಸರಲ್ಲಿ ಒಬ್ಬನಿಗೂ ಚಹಾಕ್ಕೆ ಎಷ್ಟು ಸಕ್ಕರೆ ಹಾಕಬೇಕೆಂಬುದು ಗೊತ್ತಿರಲಿಲ್ಲ; ಅಡುಗೆ ಕಟ್ಟೆಯ ಬಗ್ಗೆ ಮಾತ್ರ ಎಲ್ಲರಿಗೂ ಖಚಿತ ಅಭಿಪ್ರಾಯವಿತ್ತು.

ಕನ್ಯೆ ನೋಡಲು ಹೋದವರ ಗತ್ತಿನಲ್ಲಿ ಕಲ್ಲು ನೋಡಿದೆವು. ಒಬ್ಬ ಬೆರಳಿನ ಗೆಣ್ಣಿನಿಂದ ಬಡಿದು ಕಿವಿಯಿಟ್ಟ. ಇನ್ನೊಬ್ಬ ದೂರ ಸರಿದು ಒಂದು ಕಣ್ಣು ಮುಚ್ಚಿ ನೋಡಿದ. ಸುಮ್ಮನಿದ್ದರೆ ದಡ್ಡ ಎಂದುಕೊಂಡಾರೆಂದು ನಾನು, "ಈ ಕರೀ ಚುಕ್ಕಿ ಸ್ವಲ್ಪ ಜಾಸ್ತಿ ಆದೂ ಅನಸ್ತದ" ಎಂದೆ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಆ ಮನ್ನಣೆಯಿಂದ ನಾನು ಸಂಜೆಯವರೆಗೂ ಉಬ್ಬಿಕೊಂಡಿದ್ದೆ.

ಕಾಕು ಮಾತ್ರ ಸಾದಾ ಕರಿಕಲ್ಲೊಂದರ ಮುಂದೆ ನಿಂತಿದ್ದಳು. "ಇದ ಛಲೋ ಐತ್ರಿ. ಯಾವದ ಇರ್ಲಿ, ಕಟ್ಟಿ ಮಾತ್ರ ಸ್ವಲ್ಪ ತಗ್ಗ ಮಾಡಸ್ರಿ. ನನಗ ನಿಲುಕಬೇಕಲ್ಲ?"

"ನೀ ಸುಮ್ನಿರು," ಅಂದ ಕಾಕಾ. "ಇದು ಕಲ್ಲಿನ ವಿಷಯ ಐತಿ, ಪಲ್ಯಾದ್ದಲ್ಲ."

ಕೆಂಪು ಗುಲಾಬಿ ಬಣ್ಣದ ಚಪ್ಪಡಿ ಆಯ್ಕೆಯಾಯಿತು. ಅದನ್ನು ಕೂಡಿಸುವ ದಿನ ಗಾರೆ ಕೆಲಸದ ಗೌಂಡಿ, "ಎಷ್ಟ ಎತ್ತರ ಹಿಡೀಲಿ ಸಾಹೇಬ್ರ?" ಎಂದು ಕೇಳಿದ. ಕಾಕಾ ನ್ಯಾಯಾಧೀಶರ ಮುಂದೆ ನಿಂತಂತೆ ನೆಟ್ಟಗೆ ನಿಂತು, ತನ್ನ ಸೊಂಟ ಮುಟ್ಟಿ, "ಇಲ್ಲಿಗೆ" ಎಂದ. ಕಾಕು ಆಗ ಹಿತ್ತಲಲ್ಲಿ ಗೌಂಡಿಗಳಿಗೇ ಚಹಾ ಕಾಸುತ್ತಿದ್ದಳು. ಮಿಕ್ಕ ತುಂಡು ಬಚ್ಚಲುಮನೆಯಲ್ಲಿ ಕೈತೊಳೆಯುವ ಬೇಸಿನ್ನಿನ ಕಟ್ಟೆಯಾಯಿತು. ಅದರ ಮೇಲೊಂದು ಕನ್ನಡಿ. ಅದರಲ್ಲಿ ಕಾಕುವಿಗೆ ತನ್ನ ಹಣೆಯ ವಿಭೂತಿಯಷ್ಟೇ ಕಾಣುತ್ತಿತ್ತು.

ಹೊಸ ಮನೆಗೆ ಬಂದವರೆಲ್ಲ ಕಲ್ಲು ಸವರಿ ಸವರಿ ಹೊಗಳಿದರು. ಕಾಕುವಿಗೆ ಕಟ್ಟೆ ಎದೆಮಟ್ಟಕ್ಕೆ ಬರುತ್ತಿತ್ತು. ಒಲೆಯ ಮೇಲಿನ ಸಾರು ಕುದಿಯುತ್ತಿದೆಯೋ ಇಲ್ಲವೋ ಎಂಬುದನ್ನು ಸಪ್ಪಳ ಕೇಳಿಯೇ ತಿಳಿಯಬೇಕು. ಅವಳು ಮಣೆಯ ಮೇಲೆ ನಿಂತು ಅಡುಗೆ ಮಾಡತೊಡಗಿದಳು. "ರೂಢಿ ಆಗ್ತೈತಿ ತಗೋ" ಎಂದು ಕಾಕಾ ಧೈರ್ಯ ಹೇಳಿದ. ರೂಢಿಯಾಗುವ ಮೊದಲೇ ಒಂದು ಮುಂಜಾನೆ ಮಣೆ ಜಾರಿತು. ಧಡಾರನೆ ಸಪ್ಪಳ ಕೇಳಿ ನಾನು ಒಳಗೆ ಓಡಿದೆ. ಕುದಿಯುವ ಬೇಳೆ ಇನ್ನೊಂದು ಬದಿಗೆ ಚೆಲ್ಲಿತ್ತು, ಅದೇ ಪುಣ್ಯ. ಕಾಕು ನೆಲದ ಮೇಲೆ ಕುಳಿತು ಬಲಗೈ ಹಿಡಿದುಕೊಂಡಿದ್ದಳು. ಹಿಂದಿನ ಕೋಣೆಯಿಂದ ಕಾಕಾ ಕೂಗಿದ: "ಏನ ಬಿತ್ತದು? ಕಲ್ಲಿಗೇನೂ ಆಗಿಲ್ಲಲಾ?"

ಕಾಕು ಅಳಲಿಲ್ಲ. ಆ ಕಟ್ಟೆಯನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿದಳು, ಅಷ್ಟೆ.

ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಹಾಕಿಸಿದ ಮೇಲೆ ಅಣ್ಣ ಬಂದು ಖಾನಾಪುರಕ್ಕೆ ಕರೆದೊಯ್ದ. ನಾನೂ ಕಾಕಾನೂ ಖಾನಾವಳಿಯ ಪಾಲಾದೆವು. ಅಲ್ಲಿಯ ಎಣ್ಣೆ ಕಾಕಾನ ಹೊಟ್ಟೆಗೆ ಒಗ್ಗಲಿಲ್ಲ. ಬೇರೆ ದಾರಿಯಿಲ್ಲದೆ ಒಂದು ದಿನ ಅನ್ನಕ್ಕಿಟ್ಟ. ಮೊದಲನೆಯದು ಅಂಬಲಿಯಾಯಿತು, ಎರಡನೆಯದು ಕರಿಕಾಯಿತು. ಆದರೆ ಬೆನ್ನು ಬಾಗಿಸದೆ, ತೋಳು ಎತ್ತದೆ, ಆ ಕಟ್ಟೆಯ ಮುಂದೆ ಅವನು ಎಷ್ಟು ಆರಾಮಾಗಿ ನಿಂತಿದ್ದನೆಂದರೆ ನನಗೇ ಆಶ್ಚರ್ಯವಾಯಿತು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಕರೆತರಲು ಹೋದೆವು.

"ಕೈ ಛಲೋ ಆತಲ್ಲ, ನಡಿ ಹೋಗೂಣು," ಅಂದ ಕಾಕಾ.

"ಕೈ ಛಲೋ ಆಗೇತ್ರಿ. ಕಟ್ಟಿ ತಗ್ಗ ಆಗೇತೇನು?"

"ಗ್ರ್ಯಾನೈಟ್ ಅದು. ಕೀಳಾಕ ಹೋದ್ರ ಒಡೀತೈತಿ."

"ಹಂಗಾರ ಇರ್ಲಿ ಬಿಡ್ರಿ. ನಿಮ್ಮ ಅಳತಿ ಕಟ್ಟಿ, ನೀವ ಮಾಡ್ರಿ. ನಾ ಉಣ್ಣಾಕ ಬರ್ತೀನಿ."

ಕಾಕಾ ಬೆಂಬಲಕ್ಕಾಗಿ ಭಾವನ ಕಡೆ ತಿರುಗಿದ. ಕಲ್ಲಿನ ವ್ಯಾಪಾರಿ ತಾಂಬೂಲ ಒಂದು ದವಡೆಗೆ ಸರಿಸಿ, "ವಕೀಲಸಾಬ್ರ, ಖರೇ ಹೇಳಬೇಕಂದ್ರ ಇದಕ್ಕ ಅಪೀಲು ಇಲ್ರಿ" ಎಂದ.

ಕಾಕು ಬಂದಳು, ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಳು. ಉಪ್ಪು ಎಷ್ಟು, ಒಗ್ಗರಣೆ ಯಾವಾಗ, ಅಲ್ಲಿಂದಲೇ ಅಪ್ಪಣೆ. ಕಾಕಾ ಕಚೇರಿಗೆ ಹೋಗುವ ಮೊದಲು ರೊಟ್ಟಿ ಬಡಿಯುತ್ತಿದ್ದ, ಎದುರು ಮನೆಯವನಿಗೆ ಕಾಣದಿರಲೆಂದು ಕಿಟಕಿ ಮುಚ್ಚಿಕೊಂಡು. ಮುಚ್ಚಿದ ಕಿಟಕಿಯಿಂದಲೂ ರೊಟ್ಟಿಯ ಸಪ್ಪಳ ಹೊರಗೆ ಹೋಗುತ್ತದೆ. ಓಣಿಗೆಲ್ಲ ಸುದ್ದಿಯಾಯಿತು. ಆದರೆ ಯಾರೂ ನಗಲಿಲ್ಲ. "ಎಂಥಾ ದೊಡ್ಡ ಮನಸ್ಸು ವಕೀಲರದು! ಹೆಂಡ್ತಿಗಾಗಿ ಒಲಿ ಮುಂದ ನಿಂತಾರ" ಎಂದು ಕೊಂಡಾಡಿದರು. ಮದುವೆಯಾದಂದಿನಿಂದ ಒಲೆಯ ಮುಂದೆಯೇ ಇದ್ದ ಕಾಕುವಿನ ಮನಸ್ಸಿನ ಗಾತ್ರ ಯಾರೂ ಅಳೆದಿರಲಿಲ್ಲ. ಕಾಕಾ ಕಿಟಕಿ ತೆರೆದ. ಆಮೇಲೆ ತನ್ನ ಬದನೆಕಾಯಿ ಎಣ್ಣೆಗಾಯಿಯ ಬಗ್ಗೆ ಕೋರ್ಟಿನಲ್ಲೂ ಭಾಷಣ ಬಿಗಿಯತೊಡಗಿದ.

ಕೆಲವು ವರ್ಷಗಳ ನಂತರ, ಒಳಗೊಳಗೇ ಏನು ಕೊರೆಯಿತೋ, ಕಾಕಾ ತಾನಾಗಿಯೇ ಗೌಂಡಿಯನ್ನು ಕರೆತಂದ. "ಒಡದ್ರ ಒಡೀಲಿ, ಕಟ್ಟಿ ಇಳಸು" ಎಂದ. ಕಾಕು ಕುರ್ಚಿಯಿಂದ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಮುಟ್ಟಬ್ಯಾಡಪಾ. ನಮ್ಮ ಮನಿಯವ್ರಿಗೆ ಬರೋಬ್ಬರಿ ಐತಿ."

ಕಾಕಾ ಗೌಂಡಿಗೆ ಚಹಾ ಇಡಲು ಒಳಗೆ ಹೋದ.

ಇಷ್ಟೆಲ್ಲ ನೆನಪಾದ ಮೇಲೆ ಅಂಗಡಿಯಲ್ಲಿ ಒಬ್ಬನೇ ನಿಂತು ಕಲ್ಲು ಆರಿಸಲು ಧೈರ್ಯವಾಗಲಿಲ್ಲ. ಮರುದಿನ ಹೆಂಡತಿಯನ್ನು ಕರೆದುಕೊಂಡು ಹೋದೆ. ನನ್ನ ಈ ಉದಾರತೆಗೆ ಅವಳು ಒಂದು ಮಾತಾದರೂ ಹೊಗಳಬಹುದೆಂಬ ಆಸೆ ಇತ್ತು. ಅವಳು ಅಂಗೈಯಿಂದ ಎರಡು ಕಲ್ಲು ಸವರಿ, ಮೂರನೆಯದನ್ನು ಆರಿಸಿಬಿಟ್ಟಳು. ಅಂಗಡಿಯವ ಟೇಪು ಹಿಡಿದು, "ಕಟ್ಟಿ ಎಷ್ಟ ಎತ್ತರ ಬರ್ಕೊಳ್ಳಿ, ಅಕ್ಕಾರ?" ಎಂದ.

ಅವಳು ನನ್ನ ಕಡೆ ಬೆರಳು ತೋರಿಸಿದಳು. "ಇವ್ರದ ತಗೋರಿ. ರಿಟೈರ್ ಆಗ್ಯಾರ."

ಅಂಗಡಿಯವ ನನ್ನ ಮುಂದೆ ಮೊಣಕಾಲೂರಿದ. ನಾನು ಅಂಗಿ ಸರಿಮಾಡಿಕೊಂಡು, ನೆಟ್ಟಗೆ ನಿಂತೆ.