ಓತಿಕ್ಯಾತದ ಜಾತಿ

ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಮಾಸ್ತರರ ಎರಡೂ ಮೊಣಕೈಗಳು ಸುಟ್ಟ ಬದನೆಕಾಯಿಯಂತೆ ಕರ್ರಗೆ ಸುಕ್ಕುಗಟ್ಟಿದ್ದವು. ಅವರ ಬಾಯಿಂದಲೇ ನನ್ನ ಮೊಮ್ಮಗಳ ಸಂಬಂಧ ಮುರಿಯಿತು ಎಂದು ಓಣಿಯವರು ಈಗಲೂ ಹೇಳುತ್ತಾರೆ. ಸುಳ್ಳು. ಮುರಿದವಳು ನಾನು.

ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಮನುಷ್ಯನಿಗೆ ಅಂಥ ಮೊಣಕೈ ಯಾಕೆ? ನನ್ನ ಮೊದಲ ಸಂಶಯವೇ ಅದು. ರಾಣೆಬೆನ್ನೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಬಿಸಿಲೇರಿದರೆ ಕೊರಳಿಗೆ ದುರ್ಬೀನು ಹಾಕಿಕೊಂಡು ಮೇಡ್ಲೇರಿ ಕಡೆಯ ಬೀಳು ಹೊಲಕ್ಕೆ ಹೋಗಿ ಮೊಣಕೈ ಊರಿ ಬೋರಲು ಮಲಗುವರು. ಹೊಲ ಅಳೆಯಲು ಬಂದವರು ಎಂದರು ಕೆಲವರು, ನಿಧಿ ಹುಡುಕುವವರು ಎಂದರು ಕೆಲವರು. ನನಗೆ ಎರಡೂ ಇರಬಹುದು ಅನಿಸಿತ್ತು. ಕೇಳಿದರೆ, “ಓತಿಕ್ಯಾತ ನೋಡಾಕ ಹೋಗ್ತೇನ್ರಿ ಅವ್ವಾರ” ಎನ್ನುವರು. ಓತಿಕ್ಯಾತ ನೋಡಲು ನಮ್ಮ ಹಿತ್ತಿಲ ಬೇಲಿ ಸಾಲದೇ? ಒಂದು ದಿನ ಕಸ ಗುಡಿಸುವ ನೆಪದಲ್ಲಿ ಅವರ ಮಂಚದ ಕೆಳಗೂ ನೋಡಿದೆ. ಹಳೆಯ ಚಪ್ಪಲಿ, ಒಂದಿಷ್ಟು ಉಳ್ಳಾಗಡ್ಡಿ.

ಬ್ಯಾಡಗಿಯಿಂದ ಗಂಡಿನ ಕಡೆಯವರು ಹುಡುಗಿ ನೋಡಲು ಬಂದರು. ಅವಲಕ್ಕಿ ಕೊಟ್ಟಿದ್ದೆವು. ಮಾಸ್ತರರು ಹೊರಗಿನ ಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿ ಒದರುತ್ತಿದ್ದರು: “ಮ್ಯಾಲೆ ನೋಡಿದ್ರ ಎಲ್ಲಾ ಒಂದ ಕಾಣ್ತಾವ. ಖರೇ ಅಂದ್ರ ಜಾತೀನ ಬ್ಯಾರೆ ಐತಿ! ಇಷ್ಟ ದಿನಾ ಯಾರಿಗೂ ಗೊತ್ತಾಗಿಲ್ಲ ನೋಡು!”

ಗಂಡಿನ ತಂದೆ ತಟ್ಟೆ ಕೆಳಗಿಟ್ಟರು. “ಯಾರ ಜಾತಿ ಬ್ಯಾರೆ ಐತ್ರಿ?” ಎಂದವರು ಉತ್ತರಕ್ಕೂ ಕಾಯದೆ ಎದ್ದು ಹೋದರು.

“ವೈನಿ, ಬೇಕಂತ ಮಾಡ್ಯಾನ. ಇವತ್ತ ಅವನ ಗಂಟು-ಮೂಟಿ ಕಟ್ಟಸ್ತೇನಿ” ಎಂದ ನನ್ನ ಮೈದುನ. ನನಗೂ ಹಾಗೇ ಅನಿಸಿತ್ತು. ಮಾಸ್ತರರನ್ನು ಕರೆದು ನಿಲ್ಲಿಸಿದೆ.

“ಓತಿಕ್ಯಾತದ ಜಾತಿ ರೀ ಅವ್ವಾರ! ಮೋಟೆಬೆನ್ನೂರಿನ ಕುರಿ ಕಾಯಾವಗ ಹೇಳಾಕತ್ತಿದ್ದೆ.”

“ಅದಕ್ಕ ಬ್ಯಾರೆ ಶಬ್ದ ಇಲ್ಲೇನ್ರಿ?”

“ಪ್ರಭೇದ ಅಂತೈತ್ರಿ. ಹಂಗಂದ್ರ ಅವಗ ತಿಳ್ಯಂಗಿಲ್ಲ.”

ಮಾಸ್ತರರು ಕರವಸ್ತ್ರವನ್ನು ಗಲ್ಲದ ಕೆಳಗೆ ಬೀಸಣಿಕೆಯಂತೆ ಬಿಚ್ಚಿ ಹಿಡಿದು, ತಲೆ ಕುಣಿಸುತ್ತಾ ಅಂಗಳದಲ್ಲಿ ಎರಡು ಸುತ್ತು ಹಾಕಿದರು. ಗಂಡು ಓತಿಕ್ಯಾತ ಕಲ್ಲೇರಿ ಹೀಗೆ ಗಂಟಲು ಬಿಚ್ಚುತ್ತದಂತೆ. ಒಂದು ಜಾತಿಗೆ ನೀಲಿ ಕೆಂಪು ಬಣ್ಣ, ಇನ್ನೊಂದಕ್ಕೆ ಬರೀ ಬಿಳಿ. ಮುಚ್ಚಿಕೊಂಡರೆ ಎರಡೂ ಒಂದೇ ಮಣ್ಣಿನ ಬಣ್ಣ.

“ಎಲುಬು, ರಕ್ತ ಎಲ್ಲಾ ನೋಡ್ತೇವ್ರಿ. ಆದ್ರ ಮೊದಲ ಗುರ್ತ ಹಿಡಿಯೂದು ಹೆಣ್ಣು. ತನ್ನ ಜಾತೀದಲ್ಲದ ಗಂಡು ಎಷ್ಟ ಕುಣಿದ್ರೂ ತಿರಿಗಿ ನೋಡಂಗಿಲ್ಲ.”

“ತನ್ನ ಜಾತೀದ ಇದ್ರ?”

“ಆಗೂ ಮನಸಿಗೆ ಬಂದ್ರಷ್ಟ. ಒಲ್ಲದ್ದು ಜಗಳಾ ಮಾಡಂಗಿಲ್ರಿ. ಬೆನ್ನ ತಿರಿಗಿಸಿ ಇರಿವಿ ತಿನ್ಕೋತ ಕುಂದರ್ತೈತಿ.”

ಮೈದುನ ನಕ್ಕುಬಿಟ್ಟ. ನಾನು ನಗಲಿಲ್ಲ.

ಮಾಸ್ತರರು ತಾವಾಗಿಯೇ ಬಸ್ಸು ಹತ್ತಿ ಬ್ಯಾಡಗಿಗೆ ಹೋದರು. ಫೋನಿನಲ್ಲಿದ್ದ ಓತಿಕ್ಯಾತದ ಕುಣಿತವನ್ನೆಲ್ಲ ಬೀಗರಿಗೆ ತೋರಿಸಿ, “ಗುರುವಾರ ಮತ್ತ ಬರ್ತಾರಂತ್ರಿ, ಮಾತು ಮುಗಸೂನು ಅಂದ್ರು” ಎಂದು ಸಂಜೆ ಸುದ್ದಿ ತಂದರು. ಪರರ ಹುಡುಗಿಗಾಗಿ ಇಷ್ಟು ಓಡಾಡುವ ಮನುಷ್ಯನಿಗೆ ಏನು ಬೇಕಾಗಿದೆಯೋ ಎಂದು ಆಗಲೂ ಅವರ ಮುಖವನ್ನೇ ನೋಡಿದೆ. ಹೋದ ಮಳೆಗಾಲದಲ್ಲಿ ತೀರಿಕೊಂಡರು, ಅಲ್ಲಿಯವರೆಗೂ ಅದನ್ನು ಕೇಳಲಿಲ್ಲ. ಓತಿಕ್ಯಾತದಲ್ಲಿ ಎರಡು ಜಾತಿ ಇವೆ ಎಂಬುದರಲ್ಲಿ ನನಗೆ ಇವತ್ತಿಗೂ ಪೂರಾ ನಂಬಿಕೆಯಿಲ್ಲ.

ಆದರೆ ಆ ಸಂಜೆ, ಮೈದುನ ಪೇಡೆ ತರಲು ಓಡಿದಾಗ, ಮೊಮ್ಮಗಳು ನಮಗೆ ಬೆನ್ನು ಹಾಕಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಸುದ್ದಿ ಕೇಳಿಯೂ ತಿರುಗಲಿಲ್ಲ. ಮಾಸ್ತರರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ತಮ್ಮ ಕೋಣೆಗೆ ಹೋದರು.

“ಯಾಕ ಬೇ, ಗಂಡು ಬ್ಯಾಡೇನ ನಿನಗ?”

“ಈಗರ ಕೇಳಿದ್ಯಲ್ಲ ಆಯಿ. ಒಲ್ಲೆ.”

ಮರುದಿನ ಮುಂಜಾನೆ ಮೈದುನ ಏಳುವ ಮೊದಲೇ ನಾನು ಬ್ಯಾಡಗಿ ಬಸ್ಸು ಹತ್ತಿದೆ. ಗಂಡಿನ ತಂದೆ “ಬರ್ರಿ, ಕುಂದ್ರಿ” ಎಂದರು. ಕೂರಲಿಲ್ಲ. “ಜಾತಿ ಬರೋಬರಿ ಐತ್ರಿ, ಹುಡುಗಿ ಒಲ್ಲೆ ಅಂದಾಳ” ಎಂದು ಬಾಗಿಲಲ್ಲಿ ನಿಂತೇ ಹೇಳಿ, ಅದೇ ಬಸ್ಸಿಗೆ ತಿರುಗಿ ಬಂದೆ.